ಬೆಳ್ಳಿಗಾಗಿ ಕರಗಿದ ರೀಲುಗಳು

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತದ ಯಲ್ಲಮ್ಮನ ಜಾತ್ರೆಗೆ ಬರುತ್ತಿದ್ದ ಟೂರಿಂಗ್ ಟಾಕೀಸಿನಲ್ಲಿ ನನ್ನ ಸೋದರಮಾವ ಪ್ರೊಜೆಕ್ಟರ್ ನಡೆಸುತ್ತಿದ್ದರು. ಅದೇ ತಾಲೂಕಿನ ಬಾಲಗಾಂವದ ಹುಡುಗರಾದ ನಮಗೆ ಪರದೆಗಿಂತ ಆ ಯಂತ್ರದ ಮೇಲೆಯೇ ಕಣ್ಣು. ತಾಮ್ರದ ಲೇಪವಿದ್ದ ಎರಡು ಕಾರ್ಬನ್ ಕಡ್ಡಿಗಳ ತುದಿ ಎದುರುಬದುರು ಉರಿದು ಬೆಳಕು ಕೊಡುತ್ತಿತ್ತು. ಸವೆದಂತೆಲ್ಲ ಮಾವ ತಿರುಪು ತಿರುಗಿಸಿ ಹತ್ತಿರ ತರುತ್ತಿದ್ದರು. ಹೊಗೆ ತಗಡಿನ ಕೊಳವೆಯಿಂದ ಹೊರಗೆ ಹೋಗುತ್ತಿತ್ತು, ಒಂದಿಷ್ಟು ಅವರ ಎದೆಗೂ. ತಂಬುವಿನ ಹಿಂದೆ ಡೀಸೆಲ್ ಜನರೇಟರಿನ ಸದ್ದು.

ಆದರೆ ಈ ಹೊಗೆ, ಡೀಸೆಲಿಗಿಂತ ಸಿನಿಮಾದ ನಿಜವಾದ ವೆಚ್ಚ ಇದ್ದದ್ದು ರೀಲಿನಲ್ಲಿ. ಮೊದಲಿನ ರೀಲು ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಹದಮಾಡಿ ತಯಾರಿಸಿದ್ದು; ಹೊತ್ತಿಕೊಂಡರೆ ನೀರೊಳಗೂ ಆರದು. ಮೇಲಿನ ಲೇಪದಲ್ಲಿ ಬೆಳ್ಳಿ. ಚಿತ್ರ ಮೂಡಿಸಲು ರೀಲು ತೊಳೆಯುವಾಗ ಆ ಬೆಳ್ಳಿಯ ಪಾಲೊಂದು ನೀರಿಗೆ ಸೇರುತ್ತಿತ್ತು. ಓಟ ಮುಗಿದ ಚಿತ್ರಗಳ ಎಷ್ಟೋ ಪ್ರತಿಗಳನ್ನು ಬೆಳ್ಳಿಗಾಗಿಯೇ ಕರಗಿಸಿದರು. ನಮ್ಮ ನೆರೆಯ ಕೊಲ್ಹಾಪುರದಲ್ಲಿ ಚಿತ್ರೀಕರಿಸಿದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಇಲ್ಲ. ಇದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ, ಅಷ್ಟು ತಡವಾಗಿ.

ಈಗ ರೀಲಿಲ್ಲ, ತೊಳೆನೀರೂ ಇಲ್ಲ. ಆದರೆ ಮೊಬೈಲಿಗೆ ಸಿನಿಮಾ ಕಳಿಸುವ ಸರ್ವರುಗಳಿಗೆ ಹಗಲಿರುಳು ಕರೆಂಟು ಬೇಕು, ಹಲವೆಡೆ ತಂಪಿಗೆ ನೀರೂ ಬೇಕು. ಬರದ ಜತ್ತ ತಾಲೂಕಿನಲ್ಲಿ ಟ್ಯಾಂಕರಿಗೆ ಕಾದವರಿಗೆ ಆ ನೀರಿನ ಲೆಕ್ಕ ಸಣ್ಣದಲ್ಲ. ಕೆಟ್ಟ ಮೊಬೈಲು, ವೈರುಗಳು ಗುಜರಿಗೆ ಹೋಗುತ್ತವೆ. ತಾಮ್ರಕ್ಕಾಗಿ ವೈರು ಸುಡುವುದೂ ಉಂಟು. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮ ಇಂಥ ಕಸದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ. ಆ ಹೊಣೆ ನಮ್ಮ ಹಳ್ಳಿಯ ಸಂತೆಯವರೆಗೂ ಬರಬೇಕು.