ನಾಲ್ಕು ಸ್ಪೀಕರಿನ ಪೆಟ್ಟಿಗೆ ಹುಟ್ಟಿದ ಕಥೆ

ರಾಕ್ ವೇದಿಕೆಗಳಲ್ಲಿ ಗಿಟಾರಿನವರ ಹಿಂದೆ ನಿಂತ ಆಳೆತ್ತರದ ಕಪ್ಪು ಪೆಟ್ಟಿಗೆಗಳನ್ನು ನೀವೆಲ್ಲ ನೋಡಿರುತ್ತೀರಿ. ಅವು ಬರೀ ಚೆಂದಕ್ಕೆ ಹುಟ್ಟಿದ್ದಲ್ಲ. ಸ್ಪೀಕರ್ ಸುಟ್ಟುಹೋಗುತ್ತಿದ್ದದ್ದೇ ಕಾರಣ.

1960ರ ದಶಕದ ಆರಂಭ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ ಮೇಷ್ಟ್ರು ವಾದ್ಯಗಳ ಅಂಗಡಿ ಇಟ್ಟಿದ್ದರು. ಅಮೆರಿಕದ ಫೆಂಡರ್ ಆಂಪ್ಲಿಫೈಯರ್ ಅಲ್ಲಿ ಬಲು ದುಬಾರಿ. ಹಾಗಾಗಿ ಕೆನ್ ಬ್ರಾನ್, ಡಡ್ಲಿ ಕ್ರೇವನ್ ಜೊತೆ ಸೇರಿ, ಫೆಂಡರ್ ಬೇಸ್‌ಮ್ಯಾನಿನ ಸರ್ಕ್ಯೂಟನ್ನೇ ಮಾದರಿಯಾಗಿಟ್ಟುಕೊಂಡು ಜೆಟಿಎಂ45 ತಯಾರಿಸಿದರು. ಬೇಸ್‌ಮ್ಯಾನಿನದ್ದು 10 ಇಂಚಿನ ನಾಲ್ಕು ಸ್ಪೀಕರಿನ, ಹಿಂಬದಿ ತೆರೆದ ಪೆಟ್ಟಿಗೆ. ಮಾರ್ಷಲ್ ಮೊದಲು 12 ಇಂಚಿನ ಎರಡು ಸೆಲೆಸ್ಟಿಯನ್ ಹಾಕಿ ನೋಡಿದರು. ಆಗ ಒಂದೊಂದು ತಾಳುತ್ತಿದ್ದದ್ದು ಸುಮಾರು 15 ವ್ಯಾಟ್. ತಡೆಯಲಿಲ್ಲ. ನಾಲ್ಕು ಹಾಕಿ ಹಿಂಬದಿ ಮುಚ್ಚಿದರು. ಭಾರ ಹಂಚಿಹೋಯಿತು, ತಗ್ಗಿನ ಸ್ವರಗಳೂ ಗಟ್ಟಿಯಾದವು.

1965ರಲ್ಲಿ ದ ಹೂ ತಂಡದ ಪೀಟ್ ಟೌನ್‌ಶೆಂಡ್‌ಗೆ ಅದೂ ಸಾಲಲಿಲ್ಲ. 100 ವ್ಯಾಟಿನ ಆಂಪ್ಲಿಫೈಯರಿಗೆ ಎಂಟು ಸ್ಪೀಕರಿನ ಒಂದೇ ಪೆಟ್ಟಿಗೆ ಬೇಕೆಂದರು. ಮಾಡಿಕೊಟ್ಟರು. ಹೊರುವವರ ಗೊಣಗಾಟ ಶುರುವಾಯಿತು (ಪಾಪ, ತಪ್ಪೇನಿಲ್ಲ). ಕೊನೆಗೆ ಅದನ್ನು ಎರಡು ಮಾಡಿ ಒಂದರ ಮೇಲೊಂದು ಇಟ್ಟರು.

ಈಗ ಪೆಟ್ಟಿಗೆ ಕೊಳ್ಳುವಾಗಲೂ ಅದೇ ಲೆಕ್ಕ, ಗೆಳೆಯರೇ. ಸ್ಪೀಕರುಗಳ ಒಟ್ಟು ವ್ಯಾಟ್ ಆಂಪ್ಲಿಫೈಯರಿನದ್ದಕ್ಕಿಂತ ಹೆಚ್ಚಿರಲಿ. ಓಂ ಎರಡರಲ್ಲೂ ಒಂದೇ ಇರಲಿ. ವಾಲ್ವ್ ಆಂಪ್ಲಿಫೈಯರಾದರೆ ಇದನ್ನು ಮರೆಯಲೇಬೇಡಿ, ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ನಮ್ಮಂಥ ಚಿಕ್ಕ ಹಾಲಿಗೆ 12 ಇಂಚಿನ ಒಂದೇ ಸ್ಪೀಕರ್ ಧಾರಾಳ ಸಾಕು. ನಾಲ್ಕರದ್ದನ್ನು ಮೆಟ್ಟಿಲು ಹತ್ತಿಸುವವರು ಯಾರು?