ಹಳೇ ಗಾಡಿ, ಒಣ ಕ್ಲಚ್ಚು

ಗೆಳೆಯರೇ, ಈ ಸಲ ಸ್ವಲ್ಪ ಗ್ರೀಸ್ ಕೈಗಂಟುವ ಬರಹ. ಬೈಕ್ ಹುಚ್ಚಿಲ್ಲದವರೂ ಓದಬಹುದು, ಲೆಕ್ಕ ಒಂದೇ ಒಂದು ಇದೆ :)

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಮನೆಯಲ್ಲಿ ಹಳೇ ಜಾವಾ, ಯೆಜ್ಡಿ ಅಥವಾ ಬುಲೆಟ್ ಇಟ್ಟುಕೊಂಡವರು ಈಗ ಇಂಟರ್‌ನೆಟ್ಟಿನಲ್ಲಿ ಒಂದು ವಿಷಯ ನೋಡುತ್ತಿರುತ್ತಾರೆ. ವಿದೇಶದಲ್ಲಿ ಹಳೆಯ ಎಂಜಿನ್ನುಗಳಿಗೆ ಚೈನ್ ತೆಗೆದು ಹಲ್ಲಿನ ಬೆಲ್ಟ್ ಹಾಕಿ, ಎಣ್ಣೆಯಿಲ್ಲದ ಡ್ರೈ ಕ್ಲಚ್ ಕೂರಿಸುತ್ತಾರೆ. "ನಮ್ಮ ಗಾಡಿಗೂ ಹಾಕಿಸಬಹುದಲ್ಲ?" ಅನ್ನೋ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಆ ಎಂಜಿನ್ನಿನ ಇತಿಹಾಸದಲ್ಲೇ ಇದೆ ಅನ್ನೋದು ನನ್ನ ವಾದ.

ಮೊದಲು ಕ್ಲಚ್ ಅಂದರೇನು ನೋಡೋಣ. ಎಂಜಿನ್ ಜೊತೆ ತಿರುಗುವ ಪ್ಲೇಟುಗಳು ಕೆಲವು, ಗೇರ್ ಬಾಕ್ಸ್ ಜೊತೆ ತಿರುಗುವವು ಕೆಲವು. ಒಂದರ ಮೇಲೊಂದು ಜೋಡಿಸಿ ಸ್ಪ್ರಿಂಗ್ ಒತ್ತಿ ಹಿಡಿಯುತ್ತದೆ. ಲಿವರ್ ಹಿಡಿದಾಗ ಒತ್ತಡ ಸಡಿಲ. ಇಷ್ಟೇ. ಎಣ್ಣೆಯಲ್ಲಿ ಮುಳುಗಿದ ಪ್ಲೇಟಿನ ಘರ್ಷಣಾಂಕ ಸುಮಾರು 0.1, ಒಣ ಪ್ಲೇಟಿನದು 0.3ರ ಆಸುಪಾಸು. ಅಂದರೆ ಅದೇ ಸ್ಪ್ರಿಂಗಿಗೆ ಒಣ ಕ್ಲಚ್ ಸುಮಾರು ಮೂರು ಪಟ್ಟು ಹಿಡಿತ ಕೊಡುತ್ತದೆ. ಜೊತೆಗೆ ಎಣ್ಣೆ ಕಲಕುವ ನಷ್ಟವೂ ಇಲ್ಲ. ಹಾಗಾದರೆ ಎಲ್ಲರೂ ಒಣ ಕ್ಲಚ್ಚನ್ನೇ ಯಾಕೆ ಮಾಡಲಿಲ್ಲ?

ನಿಜ ಹೇಳಬೇಕೆಂದರೆ ಬಹಳ ಜನ ಮಾಡಿದ್ದರು. ಬಿಎಂಡಬ್ಲ್ಯೂ 1923ರ ಆರ್32ರಲ್ಲೇ ಕಾರಿನಂತೆ ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವೆ ಒಣ ಕ್ಲಚ್ ಇಟ್ಟಿತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಸುಮಾರು 1,26,000 ತಯಾರಾದ ಬಿಎಸ್ಎ ಎಂ20 ಇನ್ನೂ ತಮಾಷೆ. ಅದರ ಪ್ರೈಮರಿ ಚೈನಿಗೆ ಎಣ್ಣೆ ಬೇಕು, ಆದರೆ ಅದೇ ಡಬ್ಬಿಯೊಳಗಿನ ಕ್ಲಚ್ಚಿಗೆ ಎಣ್ಣೆ ತಾಗಬಾರದು! ಅದಕ್ಕೆ ಕ್ಲಚ್ಚಿಗೆ ಪ್ರತ್ಯೇಕ ತಗಡಿನ ಮುಚ್ಚಳ. ಅದರ ಅಂಚಿನಿಂದ ಎಣ್ಣೆ ಒಳಹೊಕ್ಕರೆ ಕ್ಲಚ್ ಜಾರುತ್ತಿತ್ತು. ಸಮಸ್ಯೆಯ ಮೂಲ ಕ್ಲಚ್ಚಲ್ಲ, ಚೈನು. 1970ರ ದಶಕದ ನಂತರ ಗಟ್ಟಿ ಹಲ್ಲಿನ ರಬ್ಬರ್ ಬೆಲ್ಟುಗಳು ಬಂದ ಮೇಲೆ ಚೈನೂ ಬೇಡ, ಎಣ್ಣೆಯೂ ಬೇಡ ಅನ್ನುವಂತಾಯಿತು. 1980ರ ಹಾರ್ಲೆ ಸ್ಟರ್ಜಿಸ್ ಮಾದರಿ ಎರಡೂ ಕಡೆ ಬೆಲ್ಟ್ ಹಾಕಿಕೊಂಡೇ ಕಾರ್ಖಾನೆಯಿಂದ ಹೊರಬಂತು.

ಈಗ ನಮ್ಮ ಬುಲೆಟ್. 1955ರಿಂದ ಮದರಾಸಿನಲ್ಲಿ ತಯಾರಾದ ಈ ಗಾಡಿಯ ಹಳೇ ವಿನ್ಯಾಸದಲ್ಲಿ ಎಂಜಿನ್, ಪ್ರೈಮರಿ ಕೇಸ್, ಗೇರ್ ಬಾಕ್ಸ್ ಮೂರೂ ಬೇರೆ ಬೇರೆ ಕೋಣೆ. ಮೂರು ಮನೆ, ಮೂರು ಒಲೆ ಅಂದುಕೊಳ್ಳಿ. ಪ್ರೈಮರಿ ಮನೆಯ ಎಣ್ಣೆ ಖಾಲಿ ಮಾಡಿದರೆ ಗೇರ್ ಬಾಕ್ಸಿಗೆ ಗೊತ್ತೂ ಆಗುವುದಿಲ್ಲ. ಕ್ರ್ಯಾಂಕಿನ ಆಯಿಲ್ ಸೀಲ್ ಗಟ್ಟಿ ಇರಬೇಕು, ಇಲ್ಲದಿದ್ದರೆ ಎಂಜಿನ್ ಎಣ್ಣೆ ಬೆಲ್ಟಿನ ಮೇಲೆ ಬೀಳುತ್ತದೆ. ಗೇರ್ ಬಾಕ್ಸ್ ಎಂಜಿನ್ನಿಗೇ ಬೋಲ್ಟ್ ಆಗಿರುವುದರಿಂದ ಅದನ್ನು ಹಿಂದೆ ಸರಿಸಿ ಬೆಲ್ಟ್ ಬಿಗಿ ಮಾಡಲಾಗದು, ಹಾಗಾಗಿ ಬೆಲ್ಟಿನ ಅಳತೆ ಕರಾರುವಾಕ್ಕಾಗಿರಬೇಕು. ಇಷ್ಟು ನೋಡಿಕೊಂಡರೆ ಕೆಲಸ ಸಾಧ್ಯ. ಬೇಡವಾದರೆ ಎಲ್ಲ ಬಿಚ್ಚಿ ಮತ್ತೆ ಚೈನ್ ಹಾಕಬಹುದು.

ಜಾವಾದ ಕಥೆಯೇ ಬೇರೆ. ಜೆಕೊಸ್ಲೊವಾಕಿಯಾದ ವಿನ್ಯಾಸ, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ. 1961ರಲ್ಲಿ ಗಾಡಿ ತಯಾರಿಕೆ ಶುರು, 1996ರಲ್ಲಿ ಬಾಗಿಲು ಮುಚ್ಚಿತು. 250 ಸಿಸಿ ಟೂ ಸ್ಟ್ರೋಕ್, 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್. ಇದರಲ್ಲಿ ಪ್ರೈಮರಿ ಚೈನ್, ಕ್ಲಚ್, ಗೇರ್ ಬಾಕ್ಸ್ ಮೂರೂ ಒಂದೇ ಎಣ್ಣೆ ಕುಡಿಯುತ್ತವೆ. ಕೂಡು ಕುಟುಂಬ, ಒಂದೇ ಒಲೆ! ಕ್ಲಚ್ ಪ್ಲೇಟಿನ ಕಾರ್ಕ್ ಎಣ್ಣೆಯಲ್ಲೇ ಬಾಳಬೇಕಾದ್ದು, ಒಣಗಿಸಿದರೆ ಸುಟ್ಟುಹೋಗುತ್ತದೆ. ಇನ್ನೊಂದು ಸೊಗಸು, ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನಾಗಿಯೇ ಬಿಡುವ ವ್ಯವಸ್ಥೆ. 1946ರ ಪೆರಾಕ್ ಮಾದರಿಯಿಂದ ಬಂದ ಬಳುವಳಿ ಅದು. ಡ್ರೈ ಕ್ಲಚ್ ಬೇಕೆಂದರೆ ಗೇರ್ ಬಾಕ್ಸಿನ ಶಾಫ್ಟಿಗೆ, ಕ್ಲಚ್ ತಳ್ಳುವ ಕಡ್ಡಿಗೆ ಹೊಸ ಸೀಲ್ ಕೂರಿಸಬೇಕು. ಕೇಸಿಂಗ್ ಕೊರೆಯಬೇಕು. ಗಾಳಿಯಾಡಲು ಕವರಿಗೆ ತೂತು ಹಾಕಬೇಕು. ಕೊರೆದ ಕೇಸಿಂಗ್ ಮತ್ತೆ ಮೊದಲಿನಂತಾಗುವುದಿಲ್ಲ, ಅದನ್ನು ಎರಕ ಹೊಯ್ದ ಕಾರ್ಖಾನೆಯೂ ಈಗಿಲ್ಲ.

ಈಗ ಲೆಕ್ಕ. ಬನದ ಹುಣ್ಣಿಮೆ ಹೊತ್ತಿಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬೈಕಲ್ಲಿ ಹೊರಟಿದ್ದೀರಿ ಅನ್ನಿ. ಮುಂದೆ ಜನ, ಚಕ್ಕಡಿ, ಟ್ರ್ಯಾಕ್ಟರ್. ಅರ್ಧ ಕ್ಲಚ್ ಹಿಡಿದೇ ಏರಬೇಕು. ಕ್ಲಚ್ಚಿನಲ್ಲಿ 20 ನ್ಯೂಟನ್ ಮೀಟರ್ ಟಾರ್ಕ್, ಪ್ಲೇಟುಗಳ ನಡುವೆ ನಿಮಿಷಕ್ಕೆ 500 ಸುತ್ತಿನ ವ್ಯತ್ಯಾಸ ಅಂತ ಹಿಡಿದರೆ, ಹುಟ್ಟುವ ಶಾಖ ಸುಮಾರು 1000 ವಾಟ್. ಬಕೆಟ್ ನೀರು ಕಾಯಿಸುವ ಕಾಯಿಲ್ ಒಂದನ್ನು ಕ್ಲಚ್ಚಿನೊಳಗೆ ಇಟ್ಟ ಹಾಗೆ! ಎಣ್ಣೆ ಇದ್ದರೆ ಆ ಶಾಖವನ್ನು ಕೇಸಿಂಗಿಗೆ ಸಾಗಿಸುತ್ತದೆ. ಒಣ ಕ್ಲಚ್ಚಿಗೆ ಗಾಳಿಯೊಂದೇ ಗತಿ. ಗಾಳಿಗೆಂದು ಕವರ್ ತೂತು ಮಾಡಿದರೆ ಬೈಲಹೊಂಗಲದಿಂದ ರಾಮದುರ್ಗದವರೆಗಿನ ಎರೆಮಣ್ಣಿನ ದೂಳು ನೇರ ಒಳಗೆ. ಡ್ರೈ ಕ್ಲಚ್ ಮೆರೆದದ್ದು 1994ರ ಡುಕಾಟಿ 916ರಂಥ ರೇಸ್ ತಳಿಯ ಗಾಡಿಗಳಲ್ಲಿ. ಅಲ್ಲಿ ಒಮ್ಮೆ ಕ್ಲಚ್ ಬಿಟ್ಟರೆ ಮುಂದೆ ಬರೀ ಓಟ. ಜಾತ್ರೆಯ ದಾರಿ ಅದಲ್ಲ.

ಅಂದಹಾಗೆ, "ಎಣ್ಣೆ ಕ್ಲಚ್ಚಿನಿಂದಲೇ ತೊಂದರೆ" ಅಂದುಕೊಂಡು ಡ್ರೈ ಮಾಡಿಸಲು ಹೊರಡುವವರಿಗೆ ಒಂದು ಮಾತು. ಜಾವಾ, ಯೆಜ್ಡಿಯಲ್ಲಿ ಗೇರ್ ಎಣ್ಣೆ ಕಡಿಮೆಯಾಗುತ್ತಾ ಸೈಲೆನ್ಸರಿನಿಂದ ಬಿಳಿ-ನೀಲಿ ಹೊಗೆ ಜಾಸ್ತಿಯಾದರೆ ಮೊದಲು ಅನುಮಾನಿಸಬೇಕಾದ್ದು ಕ್ರ್ಯಾಂಕಿನ ಆಯಿಲ್ ಸೀಲನ್ನು. ಸೀಲ್ ಸವೆದರೆ ಎಂಜಿನ್ ಆ ಎಣ್ಣೆಯನ್ನು ಎಳೆದುಕೊಂಡು ಸುಡುತ್ತದೆ. ಕ್ಲಚ್ ಜಾರುತ್ತಿದ್ದರೆ ಸರಿಯಾದ ಎಣ್ಣೆ, ಹೊಸ ಕಾರ್ಕ್ ಪ್ಲೇಟು, ಸ್ಪ್ರಿಂಗ್ ನೋಡಿ. ಕೆಲವು ನೂರು ರೂಪಾಯಿಯ ಸೀಲು ಮಾಡುವ ಕೆಲಸಕ್ಕೆ ಕೇಸಿಂಗ್ ಕೊರೆಯಬೇಡಿ.

ಹಳೇ ಎಂಜಿನ್ ಅಂದರೆ ಒಂಥರಾ ಹಳೇ ಕೋಡ್ ಇದ್ದಂತೆ. ಒಂದು ಸಾಲು ಯಾಕಿದೆ ಅಂತ ತಿಳಿಯದೆ ಅಳಿಸಿದರೆ ಬೇರೆಲ್ಲೋ ಮುರಿಯುತ್ತದೆ. ಬುಲೆಟ್ಟಿಗೆ ಆಸೆಯಿದ್ದರೆ ಹಾಕಿಸಿ, ತೆಗೆದ ಚೈನ್, ಪ್ಲೇಟುಗಳನ್ನು ಎಣ್ಣೆ ಸವರಿ ಎತ್ತಿಡಿ. ಜಾವಾವನ್ನು ಮಾತ್ರ ಅದರ ಎಣ್ಣೆಯಲ್ಲೇ ಇರಲು ಬಿಡಿ.

ನಿಮ್ಮ ಮನೆಯ ಹಿತ್ತಲಲ್ಲೂ ಒಂದು ನಿಂತಿದ್ದರೆ, ಅದರ ಕಥೆ ಬರೆಯಿರಿ. ಓದಲು ಕಾಯುತ್ತಿರುತ್ತೇನೆ...