ಮಿಯಾಂಡರ್: ನದಿಯ ಹೆಸರು ನಡಿಗೆಗೆ

ಇಂಗ್ಲಿಷಿನ 'ಮಿಯಾಂಡರ್' ಕ್ರಿಯಾಪದಕ್ಕೆ ಅಂಕುಡೊಂಕಾಗಿ ಸಾಗು, ಗುರಿಯಿಲ್ಲದೆ ಅಲೆ ಎಂಬ ಅರ್ಥಗಳಿವೆ. ಹೊಳೆ, ಕಾಲುದಾರಿ, ಸಂತೆಯಲ್ಲಿ ಸುಮ್ಮನೆ ಅಡ್ಡಾಡುವವರು, ವಿಷಯ ಬಿಟ್ಟು ಎಲ್ಲೆಲ್ಲೋ ಹೋಗುವ ಮಾತು, ಎಲ್ಲಕ್ಕೂ ಇದು ಒಪ್ಪುತ್ತದೆ.

ಪದದ ತವರು ಒಂದು ನದಿ. ಈಗಿನ ಟರ್ಕಿಯ ಪಶ್ಚಿಮದಲ್ಲಿ ಹರಿದು ಈಜಿಯನ್ ಸಮುದ್ರ ಸೇರುವ ಈ ನದಿಯನ್ನು ಗ್ರೀಕರು 'ಮಯಾಂಡ್ರೋಸ್' ಎನ್ನುತ್ತಿದ್ದರು. ಸಮತಟ್ಟಾದ ಮೆಕ್ಕಲು ಬಯಲಿನಲ್ಲಿ ಅದು ಹಾವಿನಂತೆ ಹೊರಳಿ ಹೊರಳಿ ಹರಿಯುತ್ತದೆ. ಸುಮಾರು 2000 ವರ್ಷಗಳ ಹಿಂದಿನ ಭೂಗೋಳಕಾರ ಸ್ಟ್ರಾಬೋ, ಸುತ್ತಿಬಳಸುವ ಎಲ್ಲದಕ್ಕೂ ಜನ ಈ ನದಿಯ ಹೆಸರನ್ನೇ ಬಳಸುವುದನ್ನು ಗುರುತಿಸಿದ್ದ. ಅಂದರೆ ಅಂಕಿತನಾಮ ಆಗಲೇ ಸಾಮಾನ್ಯ ಪದವಾಗಿತ್ತು! ಲ್ಯಾಟಿನ್ ಮೂಲಕ ಅದು ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಲ್ಲಿ. ಭೂಗೋಳದ ಪಾಠದಲ್ಲಿ ನದಿಯ ತಿರುವಿಗೂ, ಗ್ರೀಕ್ ಮಡಕೆಗಳ ಅಂಚಿನ ಮಡಿಕೆ ಮಡಿಕೆಯ ಚಿತ್ತಾರಕ್ಕೂ ಇದೇ ಹೆಸರು.

ಆ ನದಿ ಹೊತ್ತು ತಂದ ಹೂಳು ಮಿಲೇಟಸ್ ಎಂಬ ಬಂದರು ನಗರವನ್ನು ಸಮುದ್ರದಿಂದಲೇ ದೂರ ಮಾಡಿತು. ಇಂದು ಅದರ ಅವಶೇಷಗಳು ಒಳನಾಡಿನಲ್ಲಿವೆ. ನದಿಯ ಈಗಿನ ಹೆಸರು ಬ್ಯೂಯುಕ್ ಮೆಂಡೆರೆಸ್. ಹಳೆಯ ದನಿ ಇನ್ನೂ ಉಳಿದಿದೆ.

ಕನ್ನಡದಲ್ಲಿ 'ಮಿಯಾಂಡರ್' ಪದಕ್ಕೆ ನನಗೆ ಹಿಡಿಸುವ ಸಾಟಿ 'ಅಲೆ'. ಅಲ್ಲಿಯೂ ನೀರಿದೆ: ನಾಮಪದವಾದರೆ ತೆರೆ, ಕ್ರಿಯಾಪದವಾದರೆ ತಿರುಗಾಟ.